ತೊಗರಿ ಹೊಲದ ಪಕ್ಕದ ತಿರುವು

ಕಳೆದ ಡಿಸೆಂಬರಿನಲ್ಲಿ ನೆಂಟರ ಮದುವೆಗೆಂದು ಕಲಬುರಗಿಯಿಂದ ಸೇಡಂ ತಾಲೂಕಿನ ಹಳ್ಳಿಯೊಂದಕ್ಕೆ ಹೊರಟಿದ್ದ ನಮ್ಮ ಕಾರು, ಎಡಕ್ಕೆ ಹೊರಳುವ ಒಂದು ತಿರುವಿನಲ್ಲಿ ಹಿಡಿತ ತಪ್ಪಿ, ಎದುರಿನ ವಾಹನಗಳು ಬರುವ ಭಾಗವನ್ನು ದಾಟಿ ಬಲಬದಿಯ ಮುರುಮಿಗೆ ಇಳಿದು ನಿಂತಿತು. ಆ ಗಳಿಗೆಯಲ್ಲಿ ಎದುರಿನಿಂದ ಏನೂ ಬರಲಿಲ್ಲವೆಂಬುದು ನಮ್ಮ ಪುಣ್ಯ. ಕಾರು ನಡೆಸುತ್ತಿದ್ದ ಕಾಕಾ ಮೂವತ್ತು ವರ್ಷ ಲಾರಿ ಓಡಿಸಿದವರು. ಪಾಲಿಟೆಕ್ನಿಕ್ಕಿನಲ್ಲಿ ರಸ್ತೆ ವಿನ್ಯಾಸವನ್ನೇ ಪಾಠ ಮಾಡುವ ನಾನು, ‘40 ಅಂತ ಬೋರ್ಡ್ ಇತ್ತಲ್ಲ ಕಾಕಾ’ ಎಂದೆ.

‘ಬೋರ್ಡ್ ಯಾರ ನೋಡ್ತಾರಪಾ, ರಸ್ತಾ ನೋಡಿ ಗಾಡಿ ಹೊಡಿತೀವಿ’ ಎಂದರು.

ಆಗ ಸಿಟ್ಟು ಬಂದಿತ್ತಾದರೂ ಆ ಮಾತು ತಲೆಯಿಂದ ಹೋಗಲಿಲ್ಲ. ಮುಂದಿನ ಭಾನುವಾರ ಕಾಕಾನನ್ನೂ ಕರೆದುಕೊಂಡು ಅಲ್ಲಿಗೇ ಹೋದೆ. ತಿರುವಿನ ಒಳ ಅಂಚಿನ ಎರಡು ಕಡೆ 30 ಮೀಟರ್ ಟೇಪನ್ನು ಬಿಗಿಯಾಗಿ ಹಿಡಿದಾಗ ಅದು ತೊಗರಿಯ ಮೊದಲ ಸಾಲಿಗೆ ತಾಗುತ್ತಿತ್ತು. ನಟ್ಟನಡುವೆ ಟೇಪಿಗೂ ಡಾಂಬರಿಗೂ ಇದ್ದ ಅಂತರ 1 ಮೀಟರ್. ಅಂದರೆ ತಿರುವಿನ ತ್ರಿಜ್ಯ ಸುಮಾರು 113 ಮೀಟರ್. ರಸ್ತೆ ಕಟ್ಟುವ ಮಾನದಂಡಗಳನ್ನು ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಲೆಕ್ಕದಂತೆ ಹೊರ ಅಂಚನ್ನು ಶೇ. 7ರಷ್ಟು ಎತ್ತರಿಸಿ, ಟಯರಿನ ಅಡ್ಡ ಘರ್ಷಣೆಯನ್ನು 0.15 ಎಂದು ಹಿಡಿದರೂ ಇದು ಗಂಟೆಗೆ 56 ಕಿ.ಮೀ. ವೇಗಕ್ಕಷ್ಟೇ ಸಾಲುತ್ತದೆ. ನಾವು ಬಂದಿದ್ದ 80ಕ್ಕೆ 230 ಮೀಟರ್ ಬೇಕು. ಬೇಕಾದ ತ್ರಿಜ್ಯ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ, ವೇಗ ಒಂದೂವರೆ ಪಟ್ಟು ಆಗುವ ಮೊದಲೇ ತ್ರಿಜ್ಯ ದುಪ್ಪಟ್ಟಾಗಿರಬೇಕಾಗುತ್ತದೆ. ಅಲ್ಲಿ ಹೊರ ಅಂಚು ಎತ್ತರವಾಗಿಯೂ ಇರಲಿಲ್ಲ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನಮ್ಮ ಎರೆಮಣ್ಣಿನ ಮೇಲೆ ಹಾಕಿದ ರಸ್ತೆಯ ಅಂಚು ಕುಸಿಯುವುದು ಹೊಸದೇನಲ್ಲ.

ಆದರೆ ಕಾಕಾ ಅಷ್ಟು ವೇಗವಾಗಿ ಬಂದದ್ದಾದರೂ ಏಕೆ? ತಿರುವಿಗೆ ಮೊದಲು ಮೂರು ಕಿಲೋಮೀಟರ್ ರಸ್ತೆ ದಾರ ಹಿಡಿದಂತೆ ನೇರವಾಗಿದೆ. ಅಷ್ಟು ದೂರ ಒಂದೇ ವೇಗದಲ್ಲಿ ಬಂದವನಿಗೆ 80 ಕೂಡ ನಿಧಾನವೆನಿಸುತ್ತದೆ. ಕಾರಿನ ಸೀಟಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ಆಳೆತ್ತರದ ತೊಗರಿಯ ಹಿಂದೆ ತಿರುವಿನ ಮುಕ್ಕಾಲು ಭಾಗ ಮರೆಯಾಗಿತ್ತು. ಕಣ್ಣಿಗೆ ಬೀಳುತ್ತಿದ್ದ ಕಾಲು ಭಾಗ ಮಾತ್ರ ರಸ್ತೆ ಸ್ವಲ್ಪವೇ ಹೊರಳಿದಂತೆ ತೋರುತ್ತಿತ್ತು. ಕಾಕಾ ನಂಬಿದ್ದು ಅದನ್ನು.

ಫೆಬ್ರವರಿಯಲ್ಲಿ ಮತ್ತೆ ಅದೇ ದಾರಿಯಲ್ಲಿ ಹೋದೆವು. ತೊಗರಿ ಕೊಯ್ದು ಹೊಲ ಬಯಲಾಗಿತ್ತು, ತಿರುವು ದೂರದಿಂದಲೇ ಇಡಿಯಾಗಿ ಕಾಣುತ್ತಿತ್ತು. ನಾನು ಏನೂ ಹೇಳಲಿಲ್ಲ. ಬೋರ್ಡು ಬರುವ ಮೊದಲೇ ಕಾಕಾ ಎಕ್ಸಲರೇಟರಿನ ಮೇಲಿನ ಕಾಲು ತೆಗೆದರು. ಮುಳ್ಳು 45ಕ್ಕೆ ಇಳಿದಿತ್ತು.