ಒಂದೇ ಕಡ್ಡಿ ಸಿಗ್ನಲ್ ಇರುವ ಮತಗಟ್ಟೆಯಿಂದ

ಚುನಾವಣೆಯ ದಿನ ಮತಗಟ್ಟೆಗಳಿಂದ ಸುದ್ದಿ ತರಿಸಿಕೊಳ್ಳಲು, ಜಿಲ್ಲಾ ಕೇಂದ್ರ ಕಾರವಾರದಲ್ಲಿ ಕೂತವರಿಗೆ ವಾಟ್ಸ್‌ಆ್ಯಪ್ ಗ್ರೂಪ್ ಒಂದಿದ್ದರೆ ಸಾಕು ಅನ್ನಿಸುತ್ತದೆ. ಜೊಯಿಡಾದ ಕಾಡಿನ ಊರುಗಳಲ್ಲಿ, ಸಿರ್ಸಿಯ ಘಟ್ಟದಂಚಿನ ಶಾಲೆಗಳಲ್ಲಿ ಅದೇ ಮೆಸೇಜಿಗೆ ಒಂದೇ ಟಿಕ್ ಬಿದ್ದು ಮಧ್ಯಾಹ್ನದವರೆಗೂ ಹಾಗೇ ಇರಬಹುದು. ಅದಕ್ಕೇ ಸಂಪರ್ಕದ ಏರ್ಪಾಡನ್ನು ಸಿಗ್ನಲ್ ತೀರಾ ಕಡಿಮೆ ಇರುವ ಮತಗಟ್ಟೆಯಿಂದಲೇ ಶುರುಮಾಡಬೇಕು.

ಅಲ್ಲಿ ನಂಬಬೇಕಾದ್ದು ಎಸ್‌ಎಂಎಸ್. ಅದಕ್ಕೆ ಡೇಟಾ ಬೇಡ, ಕ್ಷಣಕಾಲ ಸಿಗ್ನಲ್ ಸಿಕ್ಕರೂ ಹೊರಟುಬಿಡುತ್ತದೆ. ಆದರೆ ಕನ್ನಡದಲ್ಲಿ ಬರೆದರೆ ಒಂದು ಎಸ್‌ಎಂಎಸ್‌ಗೆ 70 ಅಕ್ಷರ ಮಾತ್ರ. ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಾದರೆ 160. ಮಿತಿ ದಾಟಿದರೆ ಮೆಸೇಜು ತುಂಡಾಗುತ್ತದೆ, ಒಂದು ತುಂಡು ತಪ್ಪಿದರೂ ಪೂರ್ತಿ ಓದಲಾಗುವುದಿಲ್ಲ. ಎರಡು ಗಂಟೆಗೊಮ್ಮೆ ಕಳಿಸುವ ಮತದಾನದ ಲೆಕ್ಕವನ್ನು ಅಂಕಿಯಲ್ಲೇ ಮುಗಿಸಿ: 87-11-214. ಮತಗಟ್ಟೆ 87, ಬೆಳಿಗ್ಗೆ 11 ಗಂಟೆ, ಮತ 214.

ಈ 214 ಬೆಳಿಗ್ಗೆ ಏಳರಿಂದ ಬಿದ್ದ ಒಟ್ಟು ಮತ. ಕೆಲವರು ಹಿಂದಿನ ಎರಡು ಗಂಟೆಯದ್ದಷ್ಟೇ ಕಳಿಸುತ್ತಾರೆ. ಲೆಕ್ಕ ಕೆಡುವುದು ಹೆಚ್ಚಾಗಿ ಇಲ್ಲೇ. ಮತಗಳನ್ನು ದಾಖಲಿಸಿಕೊಳ್ಳುವ ಕಂಟ್ರೋಲ್ ಯೂನಿಟ್‌ನ ಟೋಟಲ್ ಬಟನ್ ಒತ್ತಿ, ಮತ ಹಾಕಲು ಬಂದವರನ್ನು ಬರೆದುಕೊಳ್ಳುವ 17ಎ ಪುಸ್ತಕದ ಕೊನೆಯ ಕ್ರಮಸಂಖ್ಯೆಗೆ ತಾಳೆ ನೋಡಿಯೇ ಕಳಿಸಿ.

2025ರಲ್ಲಿ ಚುನಾವಣಾ ಆಯೋಗ ತಂದ ಇಸಿಐನೆಟ್ ಆ್ಯಪ್‌ನಲ್ಲಿ ಎರಡು ಗಂಟೆಗೊಮ್ಮೆ ಮತಗಟ್ಟೆಯ ಮುಖ್ಯಸ್ಥರಾದ ಅಧ್ಯಕ್ಷಾಧಿಕಾರಿಯೇ ಮತದಾನದ ಪ್ರಮಾಣ ತುಂಬಬೇಕು. ನೆಟ್‌ವರ್ಕ್ ಇಲ್ಲದ ಕಡೆ ಆಫ್‌ಲೈನ್ ತುಂಬಿಟ್ಟರೆ ಸಿಗ್ನಲ್ ಬಂದಾಗ ಸೇರಿಕೊಳ್ಳುತ್ತದೆ. ಒಳ್ಳೆಯ ಅನುಕೂಲವೇ, ಆದರೆ ಮತದಾನದ ಮಷಿನ್ ಕೆಟ್ಟಾಗ ಇದಷ್ಟೇ ಸಾಲದು.

ಆಗ ಹಲವು ಮತಗಟ್ಟೆಗಳನ್ನು ನೋಡಿಕೊಳ್ಳುವ ಸೆಕ್ಟರ್ ಅಧಿಕಾರಿಗೆ ಬರೀ 'ಮಷಿನ್ ಕೆಟ್ಟಿದೆ' ಅನ್ನಬೇಡಿ. ಮತದಾನ ಶುರುವಾದ ಮೇಲೆ, ಹಾಕಿದ ಮತವನ್ನು ಚೀಟಿಯಲ್ಲಿ ತೋರಿಸುವ ವಿವಿಪ್ಯಾಟ್ ಮಾತ್ರ ಕೆಟ್ಟರೆ ಅದೊಂದನ್ನೇ ಬದಲಿಸಬೇಕು. ಕಂಟ್ರೋಲ್ ಯೂನಿಟ್ ಅಥವಾ ಮತದಾರರು ಗುಂಡಿ ಒತ್ತುವ ಬ್ಯಾಲೆಟ್ ಯೂನಿಟ್ ಕೆಟ್ಟರೆ ಇಡೀ ಸೆಟ್ಟನ್ನೇ. ಯಾವುದು ಕೆಟ್ಟಿದೆ, ಪರದೆ ಮೇಲೆ ಏನು ಬಂದಿದೆ, ಎಷ್ಟು ಗಂಟೆಗೆ ನಿಂತಿತು, ಮೂರನ್ನೂ ತಿಳಿಸಿ. ಘಟ್ಟದ ತಿರುವುಗಳಲ್ಲಿ ತಪ್ಪು ಪೆಟ್ಟಿಗೆ ಹೊತ್ತು ಬಂದವರು ಮತ್ತೆ ಹಿಂದೆ ಹೋಗುವಷ್ಟರಲ್ಲಿ ಬಿಸಿಲಲ್ಲಿ ನಿಂತ ಅಜ್ಜಿ ಮನೆಗೆ ಹೋಗಿರುತ್ತಾಳೆ. ಆ ಮತ ಮತ್ತೆ ಬಾರದೇ ಹೋಗಬಹುದು.

ಬ್ಯಾಟರಿಯ ಕಡೆಗೂ ಗಮನವಿರಲಿ. ಸಿಗ್ನಲ್ ಹುಡುಕುತ್ತಲೇ ಇರುವ ಫೋನ್ ಬೇಗ ಖಾಲಿಯಾಗುತ್ತದೆ. ಅಧ್ಯಕ್ಷಾಧಿಕಾರಿಯ ಫೋನ್ ಆನ್ ಇರಲಿ, ಉಳಿದವರದು ಸ್ವಿಚ್ ಆಫ್ ಆಗಿರಲಿ. ಪವರ್ ಬ್ಯಾಂಕನ್ನು ಹಿಂದಿನ ರಾತ್ರಿಯೇ ತುಂಬಿಸಿಟ್ಟುಕೊಳ್ಳಿ. ಮೇ ತಿಂಗಳ ಗಾಳಿ-ಮಳೆಗೆ ಕರೆಂಟ್ ಹೋದರೆ, ಸ್ವಲ್ಪ ಹೊತ್ತಿಗೆ ಟವರ್‌ನ ಬ್ಯಾಟರಿಯೂ ಕೈಕೊಡುತ್ತದೆ.

ಮತಗಟ್ಟೆಗೆ ಮುಟ್ಟಿದ ಸಂಜೆಯೇ ತಂಡದಲ್ಲಿ ಯಾರ ಯಾವ ಕಂಪನಿಯ ಸಿಮ್ ಎಲ್ಲಿ ಹಿಡಿಯುತ್ತದೆ ಅಂತ ನೋಡಿಕೊಳ್ಳಿ. ಶಾಲೆಯ ಹಿಂದಿನ ದಿಬ್ಬವೋ, ಬಾವಿಕಟ್ಟೆಯೋ, ಆ ಜಾಗ ತಂಡದ ಎಲ್ಲರಿಗೂ ಗೊತ್ತಿರಲಿ. ಎಲ್ಲೂ ಸಿಗ್ನಲ್ ಸಿಗದಿದ್ದರೆ ಸೆಕ್ಟರ್ ಅಧಿಕಾರಿಗೆ ಆ ರಾತ್ರಿಯೇ ಹೇಳಿಬಿಡಿ: ಪೊಲೀಸ್ ವೈರ್‌ಲೆಸ್ ಬೇಕೋ, ಬೈಕಿನಲ್ಲಿ ಚೀಟಿ ಒಯ್ಯುವ ಒಬ್ಬ ಬೇಕೋ ಅಂತ.