ಕ್ಯಾನ್ಸರ್ ಬಂದ್ಮೇಲೆ ನೀವು ಬದಲಾದ್ರಾ ಅಂತ ಕೇಳೋರಿಗೆಲ್ಲ

ಮದುವೆ ಮನೆ ಪಂಕ್ತೀಲಿ ಕೇಳಿದಾರೆ, ಸ್ಟಾಫ್ ರೂಮಲ್ಲಿ ಕೇಳಿದಾರೆ, ಒಂದ್ಸಲ ಹಾಸನದ ಬಸ್ ಸ್ಟ್ಯಾಂಡಲ್ಲಿ ಟಾಯ್ಲೆಟ್ ಕ್ಯೂನಲ್ಲಿ ನಿಂತಿದ್ದಾಗ್ಲೂ ಕೇಳಿದಾರೆ. "ಅಷ್ಟು ದೊಡ್ಡ ಕಾಯಿಲೆಯಿಂದ ಎದ್ದು ಬಂದ್ರಲ್ಲ ಮೇಡಂ, ಜೀವನ ನೋಡೋ ರೀತಿನೇ ಬದಲಾಗಿರ್ಬೇಕಲ್ವಾ?" ಕೇಳೋರ ಮುಖದಲ್ಲಿ ಒಂದು ಆಸೆ ಇರುತ್ತೆ, ನಾನೇನೋ ದೊಡ್ಡ ಮಾತು ಹೇಳ್ತೀನಿ ಅಂತ, ನಾನು ಹೂಂ ಅಂತ ನಕ್ಕು ಇನ್ನೊಂದು ಸೌಟು ಪಾಯಸ ಹಾಕಿಸ್ಕೊಂಡು ಸುಮ್ನಾಗ್ತೀನಿ. ಇವತ್ತು ಸರಿಯಾಗಿ ಉತ್ತರ ಕೊಡೋಣ ಅಂತ ಕೂತಿದೀನಿ.

ಗಂಟು ನಂಗೆ ಸಿಕ್ಕಿದ್ದು 2018ರ ನವೆಂಬರಲ್ಲಿ, ಸ್ನಾನ ಮಾಡುವಾಗ, ಎಡಗಡೆ ಸ್ತನದಲ್ಲಿ, ಹುಣಸೆ ಬೀಜದಷ್ಟು. ಮನೇಲಿ ಹೇಳಿದ್ದು 2019ರ ಏಪ್ರಿಲಲ್ಲಿ. ಯಾಕಂದ್ರೆ ಮಗನ ಎಸ್ಸೆಸ್ಸೆಲ್ಸಿ. ಅವನ ಕೊನೆ ಪೇಪರ್ ಮುಗಿಯೋ ತನಕ ಬಾಯಿ ಬಿಡಲ್ಲ ಅಂತ ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿದ್ದೆ. ತಮಾಷೆ ಏನು ಗೊತ್ತಾ, ನಾನು ಸೈನ್ಸ್ ಟೀಚರ್. ಆ ಐದು ತಿಂಗಳಲ್ಲೇ ಎಂಟನೇ ಕ್ಲಾಸಿಗೆ ಜೀವಕೋಶದ ಪಾಠ ಮಾಡಿದೀನಿ, ಬೋರ್ಡ್ ಮೇಲೆ ದುಂಡಗೆ ಚಿತ್ರ ಬರ್ದು ಬಣ್ಣದ ಸೀಮೆಸುಣ್ಣದಲ್ಲಿ ನ್ಯೂಕ್ಲಿಯಸ್ ತುಂಬಿ. ಗೊತ್ತಿಲ್ದೆ ಸುಮ್ನಿದ್ದವಳಲ್ಲ ನಾನು. ಗೊತ್ತಿದ್ದೇ ಸುಮ್ನಿದ್ದೆ, ಆ ಹುಣಸೆ ಬೀಜ ಅಷ್ಟರಲ್ಲಿ ನಿಂಬೆಹಣ್ಣಾಗಿತ್ತು.

ಆಮೇಲಿಂದು ಬೇಗ ಹೇಳಿ ಮುಗಿಸ್ತೀನಿ. ಎರಡನೇ ಸ್ಟೇಜ್. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆಪರೇಷನ್, ಮೂರು ವಾರಕ್ಕೊಂದು ಲೆಕ್ಕದಲ್ಲಿ ನಾಲ್ಕು ಕೀಮೋ, ಅದಾದ್ಮೇಲೆ ವಾರವಾರ ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಇನ್ನೊಂದು ಕೀಮೋ ಔಷಧಿ 12 ಸಲ, ಕೊನೇಗೆ ರೇಡಿಯೇಷನ್ 15. ಮೊದಲ ನಾಲ್ಕು ಕೀಮೋದ ಔಷಧಿ ಕೆಂಪು ಶರಬತ್ತಿನ ಥರ ಇರುತ್ತೆ, ಅದು ಹೋದ ದಿನ ಮೂತ್ರನೂ ಕೆಂಪಗೇ ಬರುತ್ತೆ, ನರ್ಸ್ ಮೊದ್ಲೇ ಹೇಳಿದ್ರೂ ನಂಗೆ ಕೈಕಾಲು ನಡುಗಿ ಅಲ್ಲೇ ಬಾಗಿಲು ಹಿಡ್ಕೊಂಡು ನಿಂತಿದ್ದೆ. ಅತ್ತೆ ನೆಂಟರಿಗೆಲ್ಲ "ಅವಳಿಗೆ ಗ್ಯಾಸ್ಟ್ರಿಕ್ಕು" ಅಂತ ಹೇಳಿದ್ರು. ತಲೆ ಬೋಳಾದ್ಮೇಲೂ ಗ್ಯಾಸ್ಟ್ರಿಕ್ಕೇ.

ಈಗ ವಿಷ್ಯಕ್ಕೆ ಬರ್ತೀನಿ. ಎಲ್ರೂ ನನ್ನನ್ನ ಫೈಟರ್ ಅಂತಾರೆ, ಧೈರ್ಯವಂತೆ ಅಂತಾರೆ, ನಂಗೆ ಆ ಮಾತು ಕೇಳಿದ್ರೆ ಮೈ ಉರಿಯುತ್ತೆ. ನಾನೇನು ಹೋರಾಟ ಮಾಡ್ಲಿಲ್ಲ ಕಣ್ರೀ, ಚೇರಲ್ಲಿ ಕೈ ಚಾಚಿ ಕೂತಿದ್ದೆ, ಔಷಧಿ ತನ್ನ ಕೆಲ್ಸ ಮಾಡ್ತು. ಪಕ್ಕದ ಚೇರಲ್ಲಿ ರಾಯಚೂರು ಕಡೆಯವರೊಬ್ರು ಕೂರ್ತಿದ್ರು, ರಾತ್ರಿಯಿಡೀ ಟ್ರೈನಲ್ಲಿ ಬಂದು, ಬುತ್ತೀಲಿ ಖಡಕ್ ರೊಟ್ಟಿ ಶೇಂಗಾ ಚಟ್ನಿ ಕಟ್ಕೊಂಡು, "ತಿನ್ರೀ ಅಕ್ಕಾರ, ಬಾಯಿಗಿ ರುಚಿ ಬರ್ತೈತಿ" ಅಂತ ವಾರ್ಡಿಗೆಲ್ಲ ಹಂಚ್ತಿದ್ರು. ನನ್ನ ಹತ್ತರಷ್ಟು ಗಟ್ಟಿ ಹೆಂಗಸು. ಈಗ ಅವರಿಲ್ಲ. ಧೈರ್ಯ ಇದ್ದೋರು ಗೆಲ್ತಾರೆ ಅಂದ್ರೆ ಅವರಿಗೇನು ಕಮ್ಮಿಯಿತ್ತು?

ಒಂದ್ಸಲ ಚೆಕಪ್‌ಗೆ ಹೋದಾಗ ಪಿಎಚ್‌ಡಿ ಮಾಡ್ತಿದ್ದ ಹುಡುಗಿಯೊಬ್ಳು ಒಂದು ಫಾರ್ಮ್ ತುಂಬಿಸ್ಕೊಂಡ್ಳು, ದೊಡ್ಡ ಕಷ್ಟ ಬಂದ್ಮೇಲೆ ಮನುಷ್ಯರು ಒಳಗೊಳಗೆ ಎಷ್ಟು ಬೆಳೆದ್ರು ಅಂತ ಅಳೆಯೋದು. ಅಮೆರಿಕದ ಟೆಡೆಸ್ಕಿ, ಕ್ಯಾಲ್ಹೂನ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು 1996ರಲ್ಲಿ ಮಾಡಿದ್ದಂತೆ, 21 ವಾಕ್ಯ, ಒಂದೊಂದಕ್ಕೂ ಸೊನ್ನೆಯಿಂದ ಐದರ ತನಕ ಮಾರ್ಕ್ಸ್. ಸಂಬಂಧ ಗಟ್ಟಿಯಾಯ್ತಾ, ಹೊಸ ದಾರಿ ಕಾಣ್ತಾ, ನನ್ನಲ್ಲಿ ಶಕ್ತಿ ಇದೆ ಅನ್ಸುತ್ತಾ, ದೇವರ ಮೇಲೆ ನಂಬಿಕೆ ಜಾಸ್ತಿ ಆಯ್ತಾ, ಬದುಕಿನ ಬೆಲೆ ಗೊತ್ತಾಯ್ತಾ, ಹಿಂಗೆ. ದೇವರ ವಿಷ್ಯದಲ್ಲಿ ನಂದು ಫೇಲ್, ಅದು ಅತ್ತೆಗೆ ಗೊತ್ತಾಗೋದು ಬೇಡ. ಆದ್ರೆ ಆ ಹುಡುಗಿ ಹೇಳಿದ್ದೊಂದು ಮಾತು ನಂಗೆ ಹಿಡಿಸ್ತು. ಕಾಯಿಲೆಯಿಂದ ಯಾರೂ ಬೆಳೆಯಲ್ವಂತೆ, ಅದು ಬಂದ್ಮೇಲೆ ನಾವು ಒದ್ದಾಡ್ತೀವಲ್ಲ, ಬೆಳೆದ್ರೆ ಅದರಿಂದ ಬೆಳೀಬೋದಂತೆ. ಅದೂ ಅಲ್ದೆ ಬೆಳೆದ್ರು ಅಂದ್ರೆ ಸಂಕಟ ಹೋಯ್ತು ಅಂತಲ್ಲ, ಎರಡೂ ಒಂದೇ ಮನೇಲಿರುತ್ವೆ. ಅದಂತೂ ನಿಜ. ಆರು ವರ್ಷ ಆದ್ರೂ ಮ್ಯಾಮೋಗ್ರಾಮ್, ಅಂದ್ರೆ ಸ್ತನದ ಎಕ್ಸ್-ರೇ, ಇರೋ ವಾರ ನಮ್ಮನೆ ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತೆ. ನಮ್ಮನೆಯವರು ಪಾಪ ಏನೂ ಅನ್ನಲ್ಲ, ಮೊಸರು ಕಲ್ಸಿಕೊಂಡು ಎದ್ದೋಗ್ತಾರೆ.

ನನ್ನ ಒದ್ದಾಟ ಏನಿತ್ತು ಅಂದ್ರೆ, ಕೇಳೋದು. ಸಹಾಯ ಕೇಳೋದು. ಕಂಕುಳಲ್ಲಿ ಮೈಯ ನೀರು ಸೋಸೋ ಲಿಂಫ್ ಗಂಟುಗಳನ್ನ ತೆಗೆದಿದಾರೆ, ಹಂಗಾಗಿ ಎಡಗೈ ಊದ್ಕೊಳ್ಳೋ ಭಯ ಯಾವಾಗ್ಲೂ, ಆ ಕೈಗೆ ಬಿಪಿ ಪಟ್ಟಿ ಬೇಡ, ಸೂಜಿ ಬೇಡ, ಭಾರ ನೋಡ್ಕೊಂಡು ಎತ್ತಿ ಅಂದ್ರು. ಪ್ಯಾಕ್ಲಿಟ್ಯಾಕ್ಸೆಲ್ ಬೆರಳ ತುದಿ ಜೋಮು ಹಿಡಿಸಿ ಹೋಯ್ತು, ಬ್ಲೌಸಿನ ಹುಕ್ ಸಿಗ್ತಿರ್ಲಿಲ್ಲ, ಕಾವಲಿ ಮುಟ್ಟಿದ್ರೆ ಬಿಸಿ ಗೊತ್ತಾಗ್ತಿರ್ಲಿಲ್ಲ, ಸುಟ್ಟ ವಾಸನೆ ಬಂದ್ಮೇಲೆ ನೋಡಿದ್ರೆ ಸೀದಿರೋದು ದೋಸೆ ಅಲ್ಲ ನನ್ನ ಬೆರಳು. ಇಪ್ಪತ್ತು ವರ್ಷ ಯಾರಿಗೂ ಒಂದು ಲೋಟ ನೀರು ಕೊಡಿ ಅಂತ ಕೇಳದೆ ಇದ್ದವಳು ನಾನು, ಅದೇ ನನ್ನ ದೊಡ್ಡಸ್ತಿಕೆ ಅಂದ್ಕೊಂಡಿದ್ದೆ. ಮೊದಲ ಸಲ ಪಕ್ಕದ ಮನೆ ಹುಡುಗನ್ನ ಕರ್ದು "ಬಿಂದಿಗೆ ಎತ್ತಿ ಒಳಗಿಡಪ್ಪ" ಅನ್ನೋಕೆ ಅರ್ಧ ಗಂಟೆ ಬಾಗಿಲಲ್ಲಿ ನಿಂತಿದೀನಿ, ನಂಬ್ತೀರಾ? ಅವನು ಎತ್ತಿಟ್ಟು ಓಡ್ದ, ಆಡೋಕೆ ಹೊತ್ತಾಗಿತ್ತು ಅವನಿಗೆ. ಅಷ್ಟೇ. ಇಷ್ಟು ಸಣ್ಣದಾ ಇದು ಅಂತ ನಂಗೆ ಅಳು ಬಂತು, ಯಾಕಂದ್ರೆ ಆ ಐದು ತಿಂಗಳು ನೆನಪಾಯ್ತು. ಅವತ್ತೂ ಒಂದೇ ಒಂದು ಮಾತು ಹೇಳಿದ್ರೆ ಸಾಕಿತ್ತು.

ಮಗನಿಗೆ ಇದೆಲ್ಲ ಆಮೇಲೆ ಗೊತ್ತಾಗಿ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದ. "ನನ್ನ ಮಾರ್ಕ್ಸಿಗೋಸ್ಕರ ನೀನು ಸಾಯೋಕೆ ರೆಡಿ ಇದ್ದೆ, ಆ ಭಾರ ನನ್ನ ತಲೆ ಮೇಲೆ ಹಾಕಿದ್ದಲ್ವಾ ಅಮ್ಮ" ಅಂದ. ತ್ಯಾಗ ಅಂದ್ಕೊಂಡಿದ್ದೆ ನಾನು.

ಹೋದ ತಿಂಗಳು ಮಲ್ಲಿಗೆ ತಗೊಳ್ವಾಗ ಹೂವಿನವಳು ಮೊಳ ಹಾಕ್ತಾ ಹಾಕ್ತಾ ತಲೆ ಎತ್ತದೇನೇ "ಟೀಚರಮ್ಮ, ನಂಗೂ ಇಲ್ಲೊಂದು ಗಂಟೈತೆ" ಅಂದ್ಲು. ಯಾವಾಗಿಂದ ಅಂದೆ. ಯುಗಾದಿಯಿಂದ. ಮಗಳ ಮದುವೆ ಮುಗೀಲಿ ಅಂತ ಸುಮ್ನಿದಾಳಂತೆ. ನಂಗೆ ಬೈಯ್ಬೇಕು ಅನ್ಸಿತು, ಯಾವ ಮುಖ ಇಟ್ಕೊಂಡು ಬೈಲಿ. ಗಂಟೆಲ್ಲ ಕ್ಯಾನ್ಸರ್ ಅಲ್ಲ, ಹೆಚ್ಚಿನವು ಏನೂ ಆಗಿರಲ್ಲ, ಆದ್ರೆ ಅದನ್ನ ಹೇಳ್ಬೇಕಾದೋರು ಡಾಕ್ಟರು, ನೀನೂ ಅಲ್ಲ ನಾನೂ ಅಲ್ಲ, ಸೋಮವಾರ ರಜೆ ಹಾಕ್ತೀನಿ, ಇಬ್ರೂ ಹೋಗೋಣ ಅಂದೆ. ಅವಳು ಹೂವಿನ ಬುಟ್ಟಿ ನೋಡ್ಕೊಂಡು "ಯಾಪಾರ ಯಾರು ನೋಡ್ಕೊಂತಾರವ್ವ" ಅಂದ್ಲು. ನನ್ನ ಮಗ ಕೂರ್ತಾನೆ ಅಂದ್ಬಿಟ್ಟೆ. ಮನೆಗೆ ಹೋಗಿ ಅವನನ್ನ ಕೇಳ್ದೆ. ಮೊಳಕ್ಕೆಷ್ಟು ಅಂತ ಬರ್ಕೊಡು ಅಂದ.