ಶೀಟ್‌ಗೆ ಬಿದ್ದ ದೊಣ್ಣೆ ಏಟು

ತುಮಕೂರಿನ ಬಿ.ಎಚ್. ರಸ್ತೆ ಪಕ್ಕದ ಸಣ್ಣ ಆಫೀಸೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ತಿಪಟೂರು ಕಡೆಯಿಂದ ತೆಂಗಿನ ನಾರಿನ ಪುಡಿ ತರಿಸಿ, ಇಟ್ಟಿಗೆ ಹಾಗೆ ಒತ್ತಿ ಹೊರದೇಶಕ್ಕೆ ಕಳಿಸುವ ವ್ಯಾಪಾರ. ಹೋದ ತಿಂಗಳು ಎರಡು ಎಕ್ಸೆಲ್ ಶೀಟ್ ಒಂದು ಮಾಡಿ ಇಂಗ್ಲೆಂಡಿನ ಗಿರಾಕಿಗೆ ಮೇಲ್ ಹಾಕಿದೆ: ‘ಐ ಹ್ಯಾವ್ ಕ್ಲಬ್ಡ್ ಬೋತ್ ದಿ ಶೀಟ್ಸ್.’ ಪಾಪ, ಶೀಟ್‌ಗಳಿಗೆ ಜಾಸ್ತಿ ಪೆಟ್ಟಾಗಿಲ್ಲ ತಾನೇ ಅಂತ ಉತ್ತರ ಬಂತು.

ಡಿಕ್ಷನರಿ ತೆಗೆದೆ. ಅವರ ಕಡೆ ಯಾವುದನ್ನಾದರೂ ಕ್ಲಬ್ ಮಾಡುವುದೆಂದರೆ ದೊಣ್ಣೆಯಲ್ಲಿ ಬಾರಿಸುವುದು! ‘ಕ್ಲಬ್ ಟುಗೆದರ್’ ಅಂತ ಒಂದಿದೆ, ನಿಜ. ಗೆಳತಿ ಮದುವೆಗೆ ಐದು ಜನ ದುಡ್ಡು ಹಾಕಿ ಒಂದು ಮಿಕ್ಸಿ ಕೊಡ್ತೀವಲ್ಲ, ಅದಕ್ಕೆ. ಶೀಟಿಗಲ್ಲ.

ನನ್ನ ತಪ್ಪೇನಿದೆ ಹೇಳಿ? ಇಲ್ಲಿ ಫೈಲ್ ಕ್ಲಬ್ ಮಾಡ್ತಾರೆ, ಕೋರ್ಟಲ್ಲಿ ಕೇಸ್ ಕ್ಲಬ್ ಮಾಡ್ತಾರೆ. ಚಿಕ್ಕ ಮಕ್ಕಳ ಹೆಸರಲ್ಲಿ ಎಫ್‌ಡಿ ಇಟ್ಟರೆ ಬಡ್ಡಿ ಅಪ್ಪನದೋ ಅಮ್ಮನದೋ ಆದಾಯಕ್ಕೆ ಸೇರುತ್ತೆ. ಆಡಿಟರ್ ಬಾಯಲ್ಲಿ ಅದೂ ಕ್ಲಬ್ಬಿಂಗ್. ಊರೊಳಗೆ ನಡೀಲಿ ಬಿಡಿ.

ಹೊರಗಿನ ಮೇಲ್‌ಗೆ ಮಾತ್ರ ಈಗ ‘ಮರ್ಜ್’. ಅದಕ್ಕೂ ಒಂದು ಬಾಲ ಇದೆ. ‘ಮರ್ಜ್ ವಿತ್’ ಅಂದರೆ ಇನ್ನೊಂದರ ಜೊತೆ ಸೇರುವುದು. ‘ಮರ್ಜ್ ಇನ್‌ಟು’ ಅಂದರೆ ಒಳಗೆ ಹೋಗಿ ಒಂದಾಗುವುದು. ಲ್ಯಾಟಿನ್‌ನಲ್ಲಿ ಆ ಪದದ ಬೇರಿಗೆ ಮುಳುಗಿಸು ಅಂತಲೇ ಅರ್ಥವಂತೆ. ಹಾಗಾಗಿ ಎರಡು ಶೀಟ್ ‘ಇನ್‌ಟು ಒನ್’. ‘ಮರ್ಜ್ ಟುಗೆದರ್’ ಅಂತಲೂ ಬರೀತಿದ್ದೆ. ಸೇರುವುದು ಆ ಪದದಲ್ಲೇ ಇದೆ, ಟುಗೆದರ್ ಸುಮ್ನೆ ದಂಡ.

ಕನ್ನಡದಲ್ಲಿ ಈ ಗೊಂದಲ ನನಗೆ ಯಾವತ್ತೂ ಆಗಿಲ್ಲ. 1913ರಲ್ಲಿ ಶುರುವಾದ ಮೈಸೂರು ಬ್ಯಾಂಕ್ 2017ರ ಏಪ್ರಿಲ್ 1ಕ್ಕೆ ಎಸ್‌ಬಿಐ‘ನಲ್ಲಿ’ ವಿಲೀನವಾಯಿತು ಅಂತೀವಿ. ಇಂಗ್ಲಿಷಲ್ಲಿ ‘ವಿತ್’ ಅಂದರೂ ತಪ್ಪಲ್ಲ. ಆದರೆ ಇಬ್ಬರೂ ಕೈ ಹಿಡಿದುಕೊಂಡು ಹೊರಟ ಹಾಗೆ ಕೇಳುತ್ತೆ, ಅಲ್ವಾ? ಬೋರ್ಡಿನ ಮೇಲಿಂದ ಹೋಗಿದ್ದು ಮೈಸೂರು ಒಂದೇ. ನಮ್ಮಪ್ಪ ಹಳೇ ಪಾಸ್‌ಬುಕ್ಕನ್ನು ಇನ್ನೂ ಬೀರುವಿನಲ್ಲಿ ಇಟ್ಟಿದ್ದಾರೆ. ಪೆನ್ಷನ್ ತರಲು ಹೊರಟರೆ ಇವತ್ತಿಗೂ ಬಾಗಿಲಲ್ಲಿ ನಿಂತು ಹೇಳುವುದು, ‘ಮೈಸೂರು ಬ್ಯಾಂಕಿಗೆ ಹೋಗಿಬರ್ತೀನಿ ಕಣಮ್ಮ.’